ಸೂತ್ರ ಕುಗ್ಗಿದ ಗಾಳಿಪಟ

ಚೆನ್ನೈ ನಗರದಲ್ಲಿ ಗಾಳಿಪಟದ ದಾರವೆಂದೊಡನೆ ಜನರಿಗೆ ನೆನಪಾಗುವುದು ಮಾಂಜಾ. ಗಾಜಿನ ಪುಡಿ ಮೆತ್ತಿದ ಆ ದಾರವು ದಾರಿಹೋಕರ ಕೊರಳನ್ನೇ ಕೊಯ್ದಿರುವುದುಂಟು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ಅದನ್ನು ದೇಶಾದ್ಯಂತ ನಿಷೇಧಿಸಿತು. ನಾವು ಇಲ್ಲಿ ಹೇಳಹೊರಟಿರುವುದು ಯಾರಿಗೂ ಕೇಡೆಣಿಸದ ಇನ್ನೊಂದು ದಾರದ ವಿಷಯ. ಅದು ಸೂತ್ರ. ಬಾಲ್ಯದಲ್ಲಿ ಊರಿನ ಬಯಲಿನಲ್ಲಿ ಪಟ ಕಟ್ಟಿದ ವಾಚಕರಿಗೆ ಅದರ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಅಳತೆ ಬೆರಳಗಲ ತಪ್ಪಿದರೆ ಸಾಕು, ಪಟ ಮೇಲೇಳದು, ಎದ್ದರೂ ಗಿರಕಿ ಹೊಡೆದು ನೆಲ ಕಚ್ಚುವುದು.

2022ರ ಆಗಸ್ಟಿನಲ್ಲಿ ಮಹಾಬಲಿಪುರದ ಸಮುದ್ರತೀರದಲ್ಲಿ ಅಂತಾರಾಷ್ಟ್ರೀಯ ಗಾಳಿಪಟೋತ್ಸವ ಜರುಗಿತು. ಇಂತಹ ಉತ್ಸವಗಳಲ್ಲಿ ಹಾರುವ ಭಾರಿ ಪಟಗಳಲ್ಲಿ ಹಲವಕ್ಕೆ ಬಿದಿರಿನ ಕಡ್ಡಿಯೇ ಇರುವುದಿಲ್ಲ. ಮುಂಬದಿಯ ಬಾಯಿಗಳಿಂದ ಗಾಳಿ ಒಳಹೊಕ್ಕು ಬಟ್ಟೆಯ ಚೀಲಗಳನ್ನು ಉಬ್ಬಿಸುತ್ತದೆ. 1964ರಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ಎಂಬವರು ರೂಪಿಸಿದ ಈ ಬಗೆಗೆ ಫಾಯಿಲ್ ಪಟವೆಂದು ಹೆಸರು. ಹಲಗೆಯ ಮೇಲೆ ನಿಂತು ಅಲೆಗಳಲ್ಲಿ ಜಾರುವ ಸಾಹಸಿಗಳೂ ಇದನ್ನು ಹಿಡಿಯುವುದುಂಟು. ಕಡ್ಡಿಯಿಲ್ಲದ ಇದರ ಆಕಾರವನ್ನು ಕಾಯುವುದು ಒಳಗಿನ ಗಾಳಿ ಮತ್ತು ಹೊಟ್ಟೆಯಿಂದ ಇಳಿಬಿದ್ದ ಹತ್ತಾರು ಎಳೆಗಳ ಸೂತ್ರ.

ಸಮುದ್ರದ ನೀರಿನಲ್ಲಿ ತೊಯ್ದು, ಉಪ್ಪು ಮರಳು ಹೆಣಿಗೆಯೊಳಗೆ ಸೇರಿದಾಗ ಎಳೆ ದಪ್ಪನಾಗಿ ಉದ್ದದಲ್ಲಿ ಮೊಟಕಾಗುತ್ತದೆ. ಬಾವಿಯ ಹತ್ತಿಹಗ್ಗ ತೊಯ್ದು ಬಿಗಿಯುವುದನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ವಿಚಿತ್ರವೆಂದರೆ ಎಲ್ಲವೂ ಸಮನಾಗಿ ಕುಗ್ಗುವುದಿಲ್ಲ. ಮುಂದಿನ ಸಾಲಿನ ಎಳೆಗಳು ಹೊರೆಯನ್ನೆಲ್ಲ ಹೊತ್ತು ಸದಾ ಬಿಗಿದಿರುವುದರಿಂದ ಬಹುಮಟ್ಟಿಗೆ ತಮ್ಮ ಉದ್ದವನ್ನು ಉಳಿಸಿಕೊಳ್ಳುತ್ತವೆ. ಹೊರೆ ಕಡಿಮೆಯಿರುವ ಹಿಂದಿನವೇ ಮೊಟಕಾಗುವುವು. (ಬೆಳಗಿನಿಂದ ಇರುಳಿನವರೆಗೆ ನಿಂತು ದುಡಿಯುವ ನಮ್ಮ ಹೋಟೆಲು ಬಂಧುಗಳು ಇದನ್ನು ಓದಿ ನಕ್ಕರೆ ನಾವು ತಡೆಯೆವು.) ಆಗ ಪಟದ ಹಿಂಬದಿಯಂಚು ಕೆಳಗೆ ಜಗ್ಗಿ, ಪಟ ನಿಧಾನಿಸಿ, ಮೇಲೇರುವ ಬದಲು ಹಿಂದಕ್ಕೆ ಜಾರಿ ಬೀಳುತ್ತದೆ. ತೀರದ ಮೇಲಾದರೆ ನಗೆಪಾಟಲು. ನಡುನೀರಿನಲ್ಲಾದರೆ ಹಿಡಿದವನ ಜೀವಕ್ಕೇ ಸಂಚಕಾರ.

ತಿದ್ದುವ ಬಗೆ ಕಠಿಣವೇನಲ್ಲ, ತಾಳ್ಮೆ ಬೇಕು. ಸೂತ್ರವನ್ನು ಸಿಹಿನೀರಿನಲ್ಲಿ ನೆನೆಸಿ ಉಪ್ಪು ಮರಳುಗಳನ್ನು ಕಳೆಯಬೇಕು. ಅನಂತರ ಎಳೆಗಳ ಒಂದು ತುದಿಯನ್ನು ಗಟ್ಟಿಯಾದ ಗೂಟಕ್ಕೆ ಸಿಕ್ಕಿಸಿ, ಒಂದೇ ಸಮನಾದ ಬಿಗಿತದಲ್ಲಿ ಹಿಡಿದು ಅಳೆಯಬೇಕು. ಒಂದನ್ನು ಬಿಗಿದು ಇನ್ನೊಂದನ್ನು ಸಡಿಲಬಿಟ್ಟು ಅಳೆದರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಮುಂದಿನ ಸಾಲನ್ನೇ ಮಾನವಾಗಿಟ್ಟುಕೊಂಡು, ತಯಾರಕರು ಕೊಟ್ಟ ಅಳತೆಗಿಂತ ಮೊಟಕಾದ ಹಿಂದಿನ ಎಳೆಗಳನ್ನು ನಿಧಾನವಾಗಿ ಎಳೆದು ಉದ್ದ ಮಾಡಬೇಕು. ಜಗ್ಗಿದರೂ ಬಾರದಿದ್ದರೆ ಗಂಟನ್ನು ಸಡಿಲಿಸಿ ಉಳಿದದ್ದನ್ನು ಸರಿದೂಗಿಸಬಹುದು. ಎಡಬಲಗಳನ್ನು ಜೋಡಿಸಿ ನೋಡಲು ಮರೆಯಕೂಡದು. ಅಲ್ಲಿ ವ್ಯತ್ಯಾಸವಿದ್ದರೆ ಪಟ ಒಂದೇ ಪಕ್ಕಕ್ಕೆ ಎಳೆಯುತ್ತದೆ.

ತಿದ್ದಿದ ಪಟವನ್ನು ಮೊದಲು ಹಾರಿಸಬೇಕಾದದ್ದು ತೀರದ ಮೇಲೆ, ಕಡಲಗಾಳಿ ಹದವಾಗಿ ಬೀಸುವ ಹೊತ್ತಿನಲ್ಲಿ, ಜನಸಂದಣಿಯಿಂದ ದೂರವಾಗಿ. ನೀರಿಗಿಳಿಯುವ ಮಾತು ಆಮೇಲೆ.