ಸೋತ ಅಭ್ಯರ್ಥಿಯೂ ಪಕ್ಷದ ಸುಧಾರಣೆಯೂ: ಅಮೆರಿಕದ ಡೆಮೊಕ್ರಾಟಿಕ್ ಪಕ್ಷದ ಮೂರು ಪ್ರಸಂಗಗಳು

೧. ಪೀಠಿಕೆ

ಅಮೆರಿಕದ ಅಧ್ಯಕ್ಷ ಚುನಾವಣೆಯ ವಿಷಯವನ್ನು ತರಗತಿಯಲ್ಲಿ ಬೋಧಿಸುವಾಗ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳುವುದುಂಟು. ಪಕ್ಷದ ಉಮೇದುವಾರಿಕೆ ದೊರೆಯದೆ ಸೋತವನು ಆ ಬಳಿಕವೂ ಅದೇ ಪಕ್ಷವನ್ನು ತಿದ್ದಲು ಹೊರಡುತ್ತಾನಷ್ಟೆ. ಅವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಗೆದ್ದವನ ಕೈಯಲ್ಲಿ ಅಧಿಕಾರವಿದೆ, ಸೋತವನ ಕೈಯಲ್ಲಿ ಏನಿದೆ? ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವನ್ನು ೧೯೬೮, ೧೯೮೮ ಮತ್ತು ೨೦೧೬ರ ಮೂರು ಪ್ರಸಂಗಗಳ ಮೂಲಕ ಹುಡುಕುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದೆರಡು ಪಾರಿಭಾಷಿಕ ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪಕ್ಷದ ಹುರಿಯಾಳು ಯಾರೆಂಬುದನ್ನು ಆ ಪಕ್ಷದ ಸಾಮಾನ್ಯ ಮತದಾರರೇ ಮತ ಹಾಕಿ ಸೂಚಿಸುವ ಪದ್ಧತಿಗೆ ಪ್ರೈಮರಿ ಎಂದು ಹೆಸರು. ಊರೂರಿನ ಕಾರ್ಯಕರ್ತರು ಒಂದು ಸಂಜೆ ಸಭೆ ಸೇರಿ ತಮ್ಮ ಒಲವನ್ನು ತಿಳಿಸುವುದು ಕಾಕಸ್. ಇವೆರಡರ ಆಧಾರದ ಮೇಲೆ ಪ್ರತಿ ರಾಜ್ಯದಿಂದಲೂ ಪ್ರತಿನಿಧಿಗಳು ಆಯ್ಕೆಯಾಗಿ ಬೇಸಗೆಯ ಮಹಾಧಿವೇಶನಕ್ಕೆ ಬರುತ್ತಾರೆ. ಅಲ್ಲಿ ಬಹುಮತ ಪಡೆದವನೇ ಪಕ್ಷದ ಅಭ್ಯರ್ಥಿ.

ಪ್ರೈಮರಿ ಪದ್ಧತಿಯ ಹರಡುವಿಕೆಗೇ ಸೋತವನೊಬ್ಬನ ಛಲ ಕಾರಣವಾಯಿತೆಂಬುದು ಗಮನಿಸತಕ್ಕ ಸಂಗತಿ. ವಿಸ್ಕಾನ್ಸಿನ್ ರಾಜ್ಯದ ರಾಬರ್ಟ್ ಲಾ ಫಾಲೆಟ್ ೧೮೯೬ರಲ್ಲಿಯೂ ೧೮೯೮ರಲ್ಲಿಯೂ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆಯನ್ನು ಬಯಸಿ, ಪಕ್ಷದ ಅಧಿವೇಶನದಲ್ಲಿ ಮುಖಂಡರ ಕೈವಾಡದಿಂದ ಸೋತನು. ಆಯ್ಕೆಯ ಅಧಿಕಾರವನ್ನು ಅಧಿವೇಶನದಿಂದ ಕಿತ್ತು ಮತದಾರರಿಗೆ ಒಪ್ಪಿಸಬೇಕೆಂದು ಊರೂರು ತಿರುಗಿ ವಾದಿಸಿದನು. ೧೯೦೦ರಲ್ಲಿ ಗವರ್ನರ್ ಆಗಿ ಗೆದ್ದ ಮೇಲೆ ಅದಕ್ಕೆ ಕಾನೂನಿನ ರೂಪ ಕೊಡಿಸಿದನು. ೧೯೦೪ರಲ್ಲಿ ರಾಜ್ಯದ ಮತದಾರರು ಅದನ್ನು ಅನುಮೋದಿಸಿದರು.

೨. ಷಿಕಾಗೋ, ೧೯೬೮

ಆದರೆ ಅಧ್ಯಕ್ಷ ಪದವಿಯ ಮಟ್ಟಿಗೆ ಪ್ರೈಮರಿಯ ಬಲ ಬಹುಕಾಲ ಮಿತವಾಗಿಯೇ ಇತ್ತು. ೧೯೬೮ರಲ್ಲಿ ಕೂಡ ಅದು ಮೂರರಲ್ಲಿ ಒಂದು ಪಾಲಿನಷ್ಟು ರಾಜ್ಯಗಳಲ್ಲಿ ಮಾತ್ರ ನಡೆಯುತ್ತಿದ್ದಿತು. ಉಳಿದೆಡೆ ರಾಜ್ಯದ ಮುಖಂಡರೇ ಪ್ರತಿನಿಧಿಗಳನ್ನು ಗೊತ್ತುಮಾಡುತ್ತಿದ್ದರು. ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಚುನಾವಣೆಯ ವರ್ಷ ಹುಟ್ಟುವ ಮುನ್ನವೇ, ಅಂದರೆ ಸ್ಪರ್ಧಿಗಳಾರೆಂದು ಯಾರಿಗೂ ಸರಿಯಾಗಿ ತಿಳಿಯುವ ಮೊದಲೇ, ಒಂದಲ್ಲ ಒಂದು ರೀತಿಯಲ್ಲಿ ನಿಶ್ಚಿತರಾಗಿದ್ದರೆಂದು ಪಕ್ಷದ ಆಯೋಗವೇ ಮುಂದೆ ಕಂಡುಕೊಂಡಿತು.

ಸೆನೆಟರ್ ಯೂಜೀನ್ ಮೆಕಾರ್ಥಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸ್ವಪಕ್ಷದ ಅಧ್ಯಕ್ಷ ಜಾನ್‌ಸನ್ ಎದುರಿಗೆ ನಿಂತರು. ಮಾರ್ಚ್ ೧೨ರಂದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಅವರಿಗೆ ಶೇಕಡ ೪೨ರಷ್ಟು ಮತ ಬಂದಿತು. ತಿಂಗಳ ಕೊನೆಯ ದಿನ ಜಾನ್‌ಸನ್ ಸ್ಪರ್ಧೆಯಿಂದ ಹಿಂದೆ ಸರಿದರು. ಇನ್ನೊಬ್ಬ ಸ್ಪರ್ಧಿ ರಾಬರ್ಟ್ ಕೆನಡಿ ಜೂನ್‌ನಲ್ಲಿ ಹಂತಕನ ಗುಂಡಿಗೆ ಬಲಿಯಾದರು. ಕಡೆಗೆ ಉಮೇದುವಾರಿಕೆ ದೊರೆತದ್ದು ಒಂದು ಪ್ರೈಮರಿಯನ್ನೂ ಎದುರಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರಿಗೆ. ಪೆನ್ಸಿಲ್ವೇನಿಯದ ಪ್ರೈಮರಿಯಲ್ಲಿ ಮತಗಳ ಬಹುಭಾಗ ಮೆಕಾರ್ಥಿಯವರಿಗೆ ಬಂದಿದ್ದರೂ ಆ ರಾಜ್ಯದ ಪ್ರತಿನಿಧಿಗಳ ಬಹುಭಾಗ ಹಂಫ್ರಿಯವರ ಪಾಲಾಯಿತು. ಜನ ಒಂದು ಹೇಳಿದರೆ ಎಣಿಕೆ ಇನ್ನೊಂದು ಹೇಳುತ್ತಿದ್ದಿತು.

ಆಗಸ್ಟ್ ತಿಂಗಳ ಷಿಕಾಗೋ ಮಹಾಧಿವೇಶನವೆಂದರೆ ಹೊರಗಿನ ಲಾಠಿ ಪ್ರಹಾರವೇ ಎಲ್ಲರ ನೆನಪಿಗೆ ಬರುವುದು. ಒಳಗೆ ಯುದ್ಧವಿರೋಧಿ ನಿರ್ಣಯ ಬಿದ್ದುಹೋಯಿತು. ಆದರೆ ಅದೇ ಸಭೆಯಲ್ಲಿ, ಹೆಚ್ಚಿನವರ ಗಮನಕ್ಕೆ ಬಾರದಂತೆ, ಸೋತ ಪಕ್ಷದವರು ಒಂದು ಜಯವನ್ನು ಪಡೆದರು. ಮೆಕಾರ್ಥಿಯವರ ಬೆಂಬಲಿಗರ ಪ್ರೇರಣೆಯಿಂದ ಅಯೋವದ ಗವರ್ನರ್ ಹೆರಾಲ್ಡ್ ಹ್ಯೂಸ್ ನೇತೃತ್ವದ ಸಮಿತಿಯೊಂದು ಆಯ್ಕೆಯ ಪದ್ಧತಿಯಲ್ಲಿನ ಅನ್ಯಾಯಗಳನ್ನು ಮೊದಲೇ ಪಟ್ಟಿಮಾಡಿದ್ದಿತು. ಮುಂದಿನ ಬಾರಿಗೆ ಎಲ್ಲ ಡೆಮೊಕ್ರಾಟರಿಗೂ ಆಯ್ಕೆಯಲ್ಲಿ ಭಾಗವಹಿಸಲು ಸಕಾಲಿಕ ಅವಕಾಶವಿರಬೇಕೆಂಬ ನಿರ್ಣಯವನ್ನು ಸಭೆ ಅಂಗೀಕರಿಸಿತು. ರಾಜ್ಯದ ನಿಯೋಗದಲ್ಲಿ ಬಹುಸಂಖ್ಯಾತರ ಮತವೇ ಎಲ್ಲರ ಮತವೆಂದು ಎಣಿಸುವ ಏಕಘಟಕ ನಿಯಮವನ್ನೂ ಕೈಬಿಡಲಾಯಿತು.

ಇದರ ಫಲವಾಗಿ ೧೯೬೯ರಲ್ಲಿ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅಧ್ಯಕ್ಷತೆಯಲ್ಲಿ ಆಯೋಗ ಏರ್ಪಟ್ಟಿತು. ಮುಂದೆ ಡೊನಾಲ್ಡ್ ಫ್ರೇಸರ್ ಆ ಸ್ಥಾನಕ್ಕೆ ಬಂದರು. ಅದು ವಿಧಿಸಿದ ೧೮ ಮಾರ್ಗಸೂತ್ರಗಳಿಗೆ ರಾಜ್ಯ ಘಟಕಗಳು ತಲೆಬಾಗಲೇಬೇಕಾಯಿತು. ಮಹಾಧಿವೇಶನದ ಪ್ರತಿನಿಧಿಗಳಲ್ಲಿ ಸ್ತ್ರೀಯರ ಪ್ರಮಾಣ ೧೯೬೮ರಲ್ಲಿ ಶೇಕಡ ೧೩ರಷ್ಟಿದ್ದುದು ೧೯೭೨ರಲ್ಲಿ ಸುಮಾರು ಶೇಕಡ ೪೦ಕ್ಕೆ ಏರಿತು; ಕಪ್ಪು ಜನಾಂಗದವರ ಪ್ರಮಾಣ ಸುಮಾರು ಶೇಕಡ ೫ರಿಂದ ೧೫ಕ್ಕೆ ಏರಿತು. ಷಿಕಾಗೋ ನಗರದ ಪ್ರಬಲ ಮೇಯರ್ ಡೇಲಿಯ ನಿಯೋಗಕ್ಕೇ ೧೯೭೨ರಲ್ಲಿ ಸಭೆಯೊಳಗೆ ಸ್ಥಾನ ಸಿಕ್ಕಲಿಲ್ಲ.

ಫಲ ಮೆಕಾರ್ಥಿಯವರಿಗೆ ದಕ್ಕಲಿಲ್ಲ. ಹೊಸ ನಿಯಮಗಳ ಮೊದಲ ಲಾಭ ಪಡೆದವರು ಅವುಗಳನ್ನು ರೂಪಿಸಿದ ಮೆಕ್‌ಗವರ್ನ್; ಅವರು ೧೯೭೨ರಲ್ಲಿ ಅಭ್ಯರ್ಥಿಯಾಗಿ ೫೦ ರಾಜ್ಯಗಳ ಪೈಕಿ ೪೯ರಲ್ಲಿ ಸೋತರು. ಜನರ ಕೈಗೆ ಆಯ್ಕೆಯನ್ನು ಕೊಟ್ಟರೆ ಗೆಲ್ಲಲಾರದವರು ಬರುತ್ತಾರೆಂಬ ವಾದಕ್ಕೆ ಹಳೆಯ ಮುಖಂಡರಿಗೆ ಆಧಾರ ಸಿಕ್ಕಿತು. ೧೯೮೦ರ ಪರಾಭವದ ಮೇಲೆ ಗವರ್ನರ್ ಜೇಮ್ಸ್ ಹಂಟ್ ಆಯೋಗ ಒಂದು ಪ್ರತಿಬಂಧಕವನ್ನು ತಂದಿತು: ಸಂಸತ್ಸದಸ್ಯರು, ಗವರ್ನರರು, ಪಕ್ಷದ ಪದಾಧಿಕಾರಿಗಳು ಯಾವ ಪ್ರೈಮರಿಯ ತೀರ್ಪಿಗೂ ಬದ್ಧರಾಗದೆ ಪ್ರತಿನಿಧಿಗಳಾಗಿ ಕುಳಿತುಕೊಳ್ಳಬಹುದು. ೧೯೮೪ರಲ್ಲಿ ಇವರು ಸಭೆಯ ಏಳನೆಯ ಒಂದು ಭಾಗದಷ್ಟಿದ್ದರು. ಸೂಪರ್‌ಡೆಲಿಗೇಟ್ ಎಂಬ ಹೆಸರು ಬಿದ್ದುದು ಇವರಿಗೇ.

೩. ಜೆಸ್ಸಿ ಜ್ಯಾಕ್ಸನ್, ೧೯೮೪–೮೮

ಧರ್ಮೋಪದೇಶಕರೂ ಪೌರಹಕ್ಕುಗಳ ಹೋರಾಟಗಾರರೂ ಆಗಿದ್ದ ಜೆಸ್ಸಿ ಜ್ಯಾಕ್ಸನ್ ೧೯೮೪ರ ಪ್ರೈಮರಿಗಳಲ್ಲಿ ಸುಮಾರು ಶೇಕಡ ೧೮ರಷ್ಟು ಮತ ಗಳಿಸಿದರು. ಪ್ರತಿನಿಧಿಗಳ ಪ್ರಮಾಣ ಅದಕ್ಕಿಂತ ಬಹಳ ಕಡಮೆಯಾಯಿತು. ಒಂದು ಕ್ಷೇತ್ರದಲ್ಲಿ ಶೇಕಡ ೨೦ರ ಮಿತಿ ಮುಟ್ಟದವನಿಗೆ ಅಲ್ಲಿ ಏನೂ ಇಲ್ಲವೆಂಬ ನಿಯಮ ಅದಕ್ಕೆ ಮುಖ್ಯ ಕಾರಣ. ಜ್ಯಾಕ್ಸನ್ ದೂರಿದರು, ಪಕ್ಷ ಆಯೋಗವೊಂದನ್ನು ನೇಮಿಸಿ ಮಿತಿಯನ್ನು ಶೇಕಡ ೧೫ಕ್ಕೆ ಇಳಿಸಿತು.

೧೯೮೮ರಲ್ಲಿ ಅವರು ಮತ್ತೆ ನಿಂತು ೬೫ ಲಕ್ಷಕ್ಕಿಂತ ಹೆಚ್ಚು ಮತ ಪಡೆದು ಎರಡನೆಯವರಾದರು. ಗೆದ್ದ ಮೈಕೇಲ್ ಡುಕಾಕಿಸ್‌ಗೆ ನವೆಂಬರ್ ಚುನಾವಣೆಯಲ್ಲಿ ಜ್ಯಾಕ್ಸನ್ ಬೆಂಬಲಿಗರ ಉತ್ಸಾಹ ಅನಿವಾರ್ಯವಾಗಿದ್ದಿತು. ಆದುದರಿಂದ ಅಟ್ಲಾಂಟಾ ಮಹಾಧಿವೇಶನಕ್ಕೆ ಮುನ್ನ ಒಂದು ಒಪ್ಪಂದವಾಯಿತು. ಗೆದ್ದವನಿಗೇ ಎಲ್ಲ, ಅಥವಾ ಗೆದ್ದವನಿಗೆ ಹೆಚ್ಚುವರಿ ಬಹುಮಾನ ಎಂಬ ಪದ್ಧತಿಗಳು ಹೋಗಿ, ೧೯೯೨ರಿಂದ ಎಲ್ಲ ರಾಜ್ಯಗಳಲ್ಲಿಯೂ ಮತಕ್ಕೆ ತಕ್ಕ ಪ್ರಮಾಣದಲ್ಲಿ ಪ್ರತಿನಿಧಿಗಳನ್ನು ಹಂಚುವುದೆಂದು ನಿಶ್ಚಯವಾಯಿತು. ಸೂಪರ್‌ಡೆಲಿಗೇಟರ ಸಂಖ್ಯೆಯನ್ನು ತಗ್ಗಿಸುವ ಮಾತೂ ಒಪ್ಪಂದದಲ್ಲಿದ್ದಿತು. ಆದರೆ ಅದು ಜಾರಿಗೆ ಬರುವ ಮುನ್ನವೇ ರದ್ದಾಯಿತು.

ಜ್ಯಾಕ್ಸನ್ ಮತ್ತೆ ಅಧ್ಯಕ್ಷತೆಗೆ ಸ್ಪರ್ಧಿಸಲಿಲ್ಲ. ಪ್ರಮಾಣಾನುಸಾರ ಹಂಚಿಕೆಯ ಫಲ ಇಪ್ಪತ್ತು ವರ್ಷಗಳ ಬಳಿಕ ಕಂಡಿತು. ೨೦೦೮ರಲ್ಲಿ ಹಿಲರಿ ಕ್ಲಿಂಟನ್ ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ಒಹೈಯೊ, ಪೆನ್ಸಿಲ್ವೇನಿಯದಂಥ ದೊಡ್ಡ ರಾಜ್ಯಗಳನ್ನು ಗೆದ್ದರೂ ಅಲ್ಲಿಯ ಪ್ರತಿನಿಧಿಗಳೆಲ್ಲ ಅವರ ಪಾಲಾಗಲಿಲ್ಲ. ಹಳೆಯ ನಿಯಮಗಳೇ ಇದ್ದಿದ್ದರೆ ಬರಾಕ್ ಒಬಾಮರ ದಾರಿ ಬಹಳ ಕಠಿನವಾಗುತ್ತಿದ್ದಿತು.

೪. ಬರ್ನಿ ಸ್ಯಾಂಡರ್ಸ್, ೨೦೧೬ರಿಂದ ಈಚೆಗೆ

ಸ್ಯಾಂಡರ್ಸ್ ಪ್ರಸಂಗ ಇವೆರಡಕ್ಕಿಂತ ಭಿನ್ನ. ಅವರು ವರ್ಮಾಂಟ್ ರಾಜ್ಯದಿಂದ ಪಕ್ಷೇತರರಾಗಿ ಆಯ್ಕೆಯಾದ ಸೆನೆಟರ್. ತಾನು ಅಧಿಕೃತವಾಗಿ ಸೇರದ ಪಕ್ಷವನ್ನು ತಿದ್ದಲು ಹೊರಟವರು. ೨೦೧೬ರ ಪ್ರೈಮರಿಗಳಲ್ಲಿ ಅವರಿಗೆ ಸುಮಾರು ೧ ಕೋಟಿ ೩೨ ಲಕ್ಷ, ಹಿಲರಿ ಕ್ಲಿಂಟನ್‌ಗೆ ಸುಮಾರು ೧ ಕೋಟಿ ೬೯ ಲಕ್ಷ ಮತ ಬಂದವು.

ಅವರ ಬೆಂಬಲಿಗರ ರೋಷಕ್ಕೆ ಸೂಪರ್‌ಡೆಲಿಗೇಟರೇ ಗುರಿಯಾದರು. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಸ್ಯಾಂಡರ್ಸ್ ಶೇಕಡ ೬೦ರಷ್ಟು ಮತ ಪಡೆದು ೧೫ ಪ್ರತಿನಿಧಿಗಳನ್ನು ಗೆದ್ದರು. ಕ್ಲಿಂಟನ್‌ಗೆ ಬಂದುದು ೯. ಆದರೆ ಆ ರಾಜ್ಯದ ಆರು ಮಂದಿ ಸೂಪರ್‌ಡೆಲಿಗೇಟರು ಕ್ಲಿಂಟನ್ ಪರವಾಗಿದ್ದುದರಿಂದ ಪತ್ರಿಕೆಗಳ ಲೆಕ್ಕದಲ್ಲಿ ಇಬ್ಬರೂ ಸಮಸಮವಾದರು. ೧೯೬೮ರ ಪೆನ್ಸಿಲ್ವೇನಿಯವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೂ ಇತಿಹಾಸಕಾರನು ಇಲ್ಲಿ ಎಚ್ಚರದಿಂದಿರಬೇಕು. ಸೂಪರ್‌ಡೆಲಿಗೇಟರನ್ನು ಪೂರ್ತಿ ಬಿಟ್ಟು ಎಣಿಸಿದರೂ ಕ್ಲಿಂಟನ್ ೨,೨೦೫, ಸ್ಯಾಂಡರ್ಸ್ ೧,೮೪೬. ಸೋಲಿಗೆ ನಿಯಮ ಮಾತ್ರ ಕಾರಣವಲ್ಲ. ಸ್ಪರ್ಧೆಯ ಕೊನೆಗೆ ಸ್ಯಾಂಡರ್ಸ್ ತಾವೇ ಆ ಸೂಪರ್‌ಡೆಲಿಗೇಟರ ಮನವೊಲಿಸಲು ಯತ್ನಿಸಿದರೆಂಬುದನ್ನೂ ಮರೆಯಲಾಗದು.

ಜುಲೈನಲ್ಲಿ ಫಿಲಡೆಲ್ಫಿಯ ಮಹಾಧಿವೇಶನಕ್ಕೆ ಕೆಲವೇ ದಿನಗಳ ಮುನ್ನ ಪಕ್ಷದ ಕಚೇರಿಯ ಅಂಚೆಗಳು ಬಯಲಾಗಿ, ಅಧಿಕಾರಿಗಳು ಕ್ಲಿಂಟನ್ ಕಡೆ ವಾಲಿದ್ದರೆಂಬ ಸಂಶಯ ಬಲವಾಯಿತು. ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆ ರಾಜೀನಾಮೆ ಘೋಷಿಸಿದರು. ಆ ಸಂದಿಗ್ಧದಲ್ಲಿಯೇ ೨೧ ಸದಸ್ಯರ ಐಕ್ಯ ಸುಧಾರಣಾ ಆಯೋಗದ ಒಪ್ಪಂದವಾಯಿತು. ಅಧ್ಯಕ್ಷೆಯೂ ಸೇರಿ ಹತ್ತು ಮಂದಿ ಕ್ಲಿಂಟನ್ ಆರಿಸಿದವರು, ಉಪಾಧ್ಯಕ್ಷನೂ ಸೇರಿ ಎಂಟು ಮಂದಿ ಸ್ಯಾಂಡರ್ಸ್ ಆರಿಸಿದವರು, ಉಳಿದ ಮೂವರು ಪಕ್ಷದ ಸಮಿತಿಯವರು. ಸೋತವನಿಗೆ ಇಷ್ಟು ಪಾಲು ಲಿಖಿತವಾಗಿ ದೊರೆತುದು ಸಣ್ಣ ಸಂಗತಿಯಲ್ಲ.

ನವೆಂಬರ್‌ನಲ್ಲಿ ಕ್ಲಿಂಟನ್ ಸೋತರು. ೨೦೧೭ರ ಫೆಬ್ರವರಿಯಲ್ಲಿ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಸ್ಯಾಂಡರ್ಸ್ ಬೆಂಬಲಿಸಿದ ಕೀತ್ ಎಲಿಸನ್ ೨೦೦ ಮತ ಪಡೆದು, ೨೩೫ ಮತ ಪಡೆದ ಟಾಮ್ ಪೆರೆಜ್ ಎದುರು ಸೋತರು. ಆದರೆ ಆಯೋಗದ ಕೆಲಸ ನಿಲ್ಲಲಿಲ್ಲ. ೨೦೧೮ರ ಆಗಸ್ಟ್ ೨೫ರಂದು, ಹಳೆಯ ಗಲಭೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ಅದೇ ಷಿಕಾಗೋ ನಗರದಲ್ಲಿ, ಪಕ್ಷದ ಸಮಿತಿ ಸೇರಿ ಹೊಸ ನಿಯಮವನ್ನು ಒಪ್ಪಿತು: ಪ್ರೈಮರಿ ಮತ್ತು ಕಾಕಸ್‌ಗಳಿಂದಲೇ ಅಭ್ಯರ್ಥಿ ನಿಶ್ಚಯವಾಗಿ ಹೋಗಿದ್ದ ಹೊರತು ಸೂಪರ್‌ಡೆಲಿಗೇಟರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ತಮ್ಮ ಹಕ್ಕನ್ನು ತಾವೇ ಮೊಟಕುಗೊಳಿಸಲು ಕೈಯೆತ್ತಿದವರಲ್ಲಿ ಅನೇಕರು ಸ್ವತಃ ಸೂಪರ್‌ಡೆಲಿಗೇಟರಾಗಿದ್ದರು. ಅದೇ ವರ್ಷ, ಸ್ಪರ್ಧಿಸುವವನು ತಾನು ಡೆಮೊಕ್ರಾಟನೆಂದು ಬರೆದುಕೊಡಬೇಕೆಂಬ ನಿಯಮವೂ ಬಂದಿತು. ಅದು ಯಾರನ್ನು ಕುರಿತದ್ದೆಂದು ಹೇಳಬೇಕಾಗಿಲ್ಲ.

ಕಾಕಸ್ ವಿಷಯದಲ್ಲಿ ಪರಿಣಾಮ ಇನ್ನೂ ವಿಚಿತ್ರ. ಸಂಜೆ ಗಂಟೆಗಟ್ಟಲೆ ಸಭೆಯಲ್ಲಿ ಕೂಡಲು ದುಡಿಯುವವರಿಗೆ ಸಾಧ್ಯವಿಲ್ಲವೆಂದು ಆಯೋಗ ಪ್ರೈಮರಿಯನ್ನು ಪ್ರೋತ್ಸಾಹಿಸಿತು. ರಾಜ್ಯಗಳ ಕಾನೂನುಗಳೂ ಅದೇ ದಿಕ್ಕಿನಲ್ಲಿ ಸಾಗಿದವು. ಆದರೆ ೨೦೧೬ರಲ್ಲಿ ಸ್ಯಾಂಡರ್ಸ್‌ಗೆ ದೊಡ್ಡ ಅಂತರದ ಗೆಲುವುಗಳು ಬಂದುದು ಕಾಕಸ್‌ಗಳಲ್ಲಿಯೇ. ಮಿನೆಸೋಟ, ವಾಷಿಂಗ್ಟನ್ ರಾಜ್ಯಗಳು ೨೦೨೦ರಲ್ಲಿ ಪ್ರೈಮರಿಗೆ ತಿರುಗಿದಾಗ ಅಲ್ಲಿ ಗೆದ್ದವರು ಜೋ ಬೈಡನ್. ಸ್ಯಾಂಡರ್ಸ್ ಎರಡನೆಯ ಬಾರಿಯೂ ಸೋತು ಏಪ್ರಿಲ್ ೮ರಂದು ಪ್ರಚಾರ ನಿಲ್ಲಿಸಿದರು. ಒಡನೆಯೇ ಹವಾಮಾನ, ಆರೋಗ್ಯ, ಶಿಕ್ಷಣ ಮುಂತಾದ ಆರು ವಿಷಯಗಳ ಮೇಲೆ ಇಬ್ಬರ ಕಡೆಯವರೂ ಕೂಡಿದ ಕಾರ್ಯಪಡೆಗಳನ್ನು ಏರ್ಪಡಿಸಿಕೊಂಡರು. ೨೦೨೪ರಲ್ಲಿ ಕಮಲಾ ಹ್ಯಾರಿಸ್ ಸೋತ ಮರುದಿನ, ಪಕ್ಷವೇ ಮೊದಲು ಶ್ರಮಿಕರನ್ನು ಕೈಬಿಟ್ಟಿತೆಂದು ಬಹಿರಂಗವಾಗಿ ಆಪಾದಿಸಿದರು. ೨೦೨೫ರಲ್ಲಿ ಎಂಬತ್ತು ದಾಟಿದ ವಯಸ್ಸಿನಲ್ಲಿ ದೇಶ ಸುತ್ತಿ ಸಭೆ ನಡೆಸಿದರು.

೫. ಸಮೀಕ್ಷೆ

ಈ ಮೂರು ಪ್ರಸಂಗಗಳಿಂದ ಕೆಲವು ಅಂಶಗಳು ತಿಳಿಯುತ್ತವೆ. ಮೊದಲನೆಯದಾಗಿ, ಸೋತವನ ಬಂಡವಾಳ ಗೆದ್ದವನ ಅಗತ್ಯ. ಪ್ರೈಮರಿಗಳು ಮುಗಿದು ಮಹಾಧಿವೇಶನ ಕೂಡುವವರೆಗಿನ ಕೆಲವು ವಾರಗಳಲ್ಲಿ ಆ ಅಗತ್ಯ ಅತಿ ಹೆಚ್ಚು. ಆಗ ಬರೆಸಿಕೊಳ್ಳದ ಮಾತನ್ನು ಆಮೇಲೆ ಬರೆಸಿಕೊಳ್ಳುವುದು ಕಷ್ಟ. ಎರಡನೆಯದಾಗಿ, ನೀತಿಯ ಬಗ್ಗೆ ಪಡೆದ ಭರವಸೆ ಚುನಾವಣೆಯೊಡನೆ ಮಾಸುತ್ತದೆ. ನಿಯಮದಲ್ಲಿ ಪಡೆದ ಬದಲಾವಣೆ ಉಳಿಯುತ್ತದೆ, ಉಳಿಯದಿದ್ದರೂ ಅದನ್ನು ತೆಗೆಯಲು ಇನ್ನೊಂದು ಆಯೋಗವೇ ಬೇಕಾಗುತ್ತದೆ. ಮೂರನೆಯದಾಗಿ, ಸುಧಾರಣೆಯ ಫಲ ಸುಧಾರಕನಿಗೇ ಬರಬೇಕೆಂದಿಲ್ಲ. ಕೆಲವೊಮ್ಮೆ ಅದು ಅವನ ವಿರುದ್ಧವೇ ತಿರುಗಬಹುದು. ನಾಲ್ಕನೆಯದಾಗಿ, ನಿಯಮಕ್ಕೂ ಎಲ್ಲೆಯಿದೆ. ೨೦೨೪ರ ಜುಲೈನಲ್ಲಿ ಬೈಡನ್ ಹಿಂದೆ ಸರಿದಾಗ, ಪ್ರೈಮರಿಯಲ್ಲಿ ಮತ ಕೇಳದ ಹ್ಯಾರಿಸ್ ಅವರನ್ನು ಪ್ರತಿನಿಧಿಗಳೇ ಅಭ್ಯರ್ಥಿಯನ್ನಾಗಿ ಒಪ್ಪಿದರು. ಅದಕ್ಕೆ ಯಾವ ನಿಯಮವೂ ಅಡ್ಡಬರಲಿಲ್ಲ.

ನಮ್ಮ ದೇಶದ ಓದುಗರಿಗೆ ಇದು ಕೇವಲ ದೂರದ ಕಥೆಯಲ್ಲ. ಪಕ್ಷವು ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂದು ವಿಧಿಸುವ ಕಾನೂನು ನಮ್ಮಲ್ಲಿಲ್ಲ. ೨೦೧೪ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿಯನ್ನು ಪ್ರಯೋಗವಾಗಿ ನಡೆಸಿತು. ಅವುಗಳಲ್ಲಿ ನಮ್ಮ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳೂ ಸೇರಿದ್ದವು. ಪ್ರಯೋಗ ಪದ್ಧತಿಯಾಗಿ ಬೆಳೆಯಲಿಲ್ಲ. ಟಿಕೆಟ್ ಸಿಕ್ಕದವನು ನಮ್ಮಲ್ಲಿ ಸಾಮಾನ್ಯವಾಗಿ ಪಕ್ಷ ಬಿಡುತ್ತಾನೆ, ಇಲ್ಲವೆ ಸುಮ್ಮನಾಗುತ್ತಾನೆ. ಎಷ್ಟು ಜನ ತನ್ನ ಪರವಾಗಿದ್ದರೆಂದು ತೋರಿಸುವ ಎಣಿಕೆ ಅವನ ಕೈಯಲ್ಲಿಲ್ಲದಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಮೆಕಾರ್ಥಿ, ಜ್ಯಾಕ್ಸನ್, ಸ್ಯಾಂಡರ್ಸ್ ಮೂವರ ಕೈಯಲ್ಲಿಯೂ ಆ ಎಣಿಕೆ ಇದ್ದಿತು. ಸೋತವನ ಮಾತಿಗೆ ಬೆಲೆ ಎಲ್ಲಿಂದ ಬರುತ್ತದೆಂಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೂ ಅದೇ: ಅವನು ಎಷ್ಟು ಮತಗಳಿಂದ ಸೋತನೆಂಬುದಕ್ಕಿಂತ, ಎಷ್ಟು ಮತಗಳನ್ನು ಪಡೆದು ಸೋತನೆಂಬುದೇ ಅವನ ಮಾತಿನ ತೂಕ.