ಗ್ರಂಥಾಲಯದಲ್ಲಿ ದಾರಿ ತೋರುವವರು ಯಾರು?

ನೀವು ನಿಮ್ಮೂರಿನ ಗ್ರಂಥಾಲಯಕ್ಕೆ ಮೊದಲ ಬಾರಿ ಹೋಗಿದ್ದೀರಿ ಎಂದುಕೊಳ್ಳಿ. ಹಿತ್ತಲಿನಲ್ಲಿ ಎರಡು ಜೇನುಪೆಟ್ಟಿಗೆ ಇಡಬೇಕೆಂಬ ಆಸೆ; ಅದಕ್ಕೊಂದು ಪುಸ್ತಕ ಬೇಕು. ಒಳಗೆ ಸಾಲು ಸಾಲು ಕಪಾಟುಗಳು. ಗೋಡೆಯ ಮೇಲೆ ‘ನಿಶ್ಶಬ್ದ’, ‘ಚೀಲ ತರಬಾರದು’, ‘ಪುಟ ಹರಿಯಬೇಡಿ’ ಎಂಬ ಫಲಕಗಳು. ಏನು ಮಾಡಬಾರದು ಎಂಬುದು ಅರ್ಧ ನಿಮಿಷದಲ್ಲಿ ತಿಳಿಯಿತು. ಪುಸ್ತಕ ಎಲ್ಲಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಕೇಳಲು ಸಂಕೋಚಪಟ್ಟು ದಿನಪತ್ರಿಕೆ ತಿರುವಿ ಹಿಂದಿರುಗುತ್ತೀರಿ. ಪುಸ್ತಕವೋ, ನೀವು ನಿಂತಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿತ್ತು!

ಹಿಂದೆ ಅನೇಕ ಗ್ರಂಥಾಲಯಗಳಲ್ಲಿ ಓದುಗರಿಗೆ ಕಪಾಟಿನ ಬಳಿ ಪ್ರವೇಶವಿರಲಿಲ್ಲ. ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಸಿಬ್ಬಂದಿ ಪುಸ್ತಕ ತಂದುಕೊಡುತ್ತಿದ್ದರು. ಓದುಗರೇ ಕಪಾಟಿನ ಬಳಿ ಹೋಗಿ ಆರಿಸಿಕೊಳ್ಳುವ ಮುಕ್ತ ಪದ್ಧತಿಯನ್ನು ನಮ್ಮಲ್ಲಿ ಬಲವಾಗಿ ಪ್ರತಿಪಾದಿಸಿದವರು ಎಸ್.ಆರ್. ರಂಗನಾಥನ್. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದನ್ನು ಕುರಿತದ್ದು. ಮುಕ್ತ ಪದ್ಧತಿಯಿಂದ ಸ್ವಾತಂತ್ರ್ಯವೇನೋ ದೊರೆಯಿತು; ಜೊತೆಗೆ ಹುಡುಕುವ ಹೊಣೆಯೂ ಓದುಗನ ಹೆಗಲೇರಿತು. ಆ ಹೊಣೆಯನ್ನು ಹಗುರ ಮಾಡುವುದೇ ಫಲಕಗಳ ಕೆಲಸ.

ಅಂಕಿಗಳ ಗುಟ್ಟು

ಪುಸ್ತಕದ ಬೆನ್ನಿನ ಮೇಲಿರುವ ಸಂಖ್ಯೆ ಅದರ ವಿಳಾಸವಿದ್ದಂತೆ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಾಂಶ ವರ್ಗೀಕರಣದಲ್ಲಿ 500 ಎಂದರೆ ವಿಜ್ಞಾನ, 600 ಎಂದರೆ ತಂತ್ರವಿದ್ಯೆ. ಕನ್ನಡ ಸಾಹಿತ್ಯದ ಸಂಖ್ಯೆ 894.814. ಇದನ್ನು ಅನುಸರಿಸುವ ಗ್ರಂಥಾಲಯದಲ್ಲಿ ಜೇನು ಸಾಕಣೆಯ ಪುಸ್ತಕ 638.1ರಲ್ಲಿ, ಕೃಷಿಯ ನೆರೆಯಲ್ಲಿ ಇರುತ್ತದೆ. ಜೇನುನೊಣದ ದೇಹರಚನೆ, ಜೀವನಕ್ರಮಗಳ ಪುಸ್ತಕವಾದರೋ 595.799ರಲ್ಲಿ, ಕೀಟಗಳ ನಡುವೆ ಇರುತ್ತದೆ. ಒಂದೇ ನೊಣ, ಎರಡು ಮನೆ! ‘ಜೇನು ಸಾಕಣೆ: 638.1 ನೋಡಿ’ ಎಂಬ ಅಂಗೈಯಗಲದ ಚೀಟಿಯನ್ನು ಕೀಟಗಳ ಕಪಾಟಿಗೆ ಅಂಟಿಸಿದರೆ ಓದುಗನ ಅರ್ಧ ಗಂಟೆ ಉಳಿಯುತ್ತದೆ.

ಇನ್ನೊಂದು ತೊಡಕು ದಶಾಂಶದ್ದು. 595.789 ಮತ್ತು 595.8 ಇವುಗಳಲ್ಲಿ ಮೊದಲು ಬರುವುದು ಯಾವುದು? ಬಿಂದುವಿನ ನಂತರದ 789ನ್ನು ‘ಏಳುನೂರ ಎಂಬತ್ತೊಂಬತ್ತು’ ಎಂದು ಓದಿಕೊಂಡವರು ಅದನ್ನು 8ರ ಆಚೆಗೆ ಹುಡುಕುತ್ತಾರೆ. ಆದರೆ 0.789 ಎಂಬುದು 0.8ಕ್ಕಿಂತ ಕಡಿಮೆ, ಆದ್ದರಿಂದ ಅದೇ ಮೊದಲು. ಕಪಾಟಿನ ತುದಿಯಲ್ಲಿ ಬರಿಯ ಅಂಕಿ ಬರೆಯದೆ ‘590 – ಪ್ರಾಣಿಗಳು’ ಎಂದು ವಿಷಯವನ್ನೂ ಬರೆಯಬೇಕೆನ್ನುವುದು ಇದಕ್ಕೇ.

ಅಕ್ಷರ ಎಷ್ಟು ದೊಡ್ಡದಿರಬೇಕು?

ಕಣ್ಣಿನ ವೈದ್ಯರ 6/6 ದೃಷ್ಟಿ ಎಂದರೆ, ಕಣ್ಣಿನಲ್ಲಿ 5 ಕೋನ ಮಿನಿಟುಗಳಷ್ಟು ಕೋನ ಉಂಟುಮಾಡುವ ಅಕ್ಷರವನ್ನು ಗುರುತಿಸುವ ಶಕ್ತಿ. 6 ಮೀಟರ್ ದೂರದಲ್ಲಿ ಈ ಅಕ್ಷರದ ಎತ್ತರ ಸುಮಾರು 9 ಮಿ.ಮೀ.; 10 ಮೀಟರ್ ದೂರದಲ್ಲಿ ಸುಮಾರು 15 ಮಿ.ಮೀ. ಇದು ಕಷ್ಟಪಟ್ಟು ಗುರುತಿಸುವ ಮಿತಿ. ನಡೆಯುತ್ತಲೇ ಸಲೀಸಾಗಿ ಓದಲು ಇದರ ಮೂರು ಪಟ್ಟು, ಎಂದರೆ ಸುಮಾರು 45 ಮಿ.ಮೀ. ಇಟ್ಟುಕೊಳ್ಳುವುದು ಕ್ಷೇಮ. ಈ ಲೆಕ್ಕ ರೋಮನ್ ಅಕ್ಷರಗಳದ್ದು. ಕನ್ನಡದಲ್ಲಿ ದ–ಧ, ಪ–ಫ, ಬ–ಭಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು. ಒತ್ತಕ್ಷರಗಳು ಇನ್ನೂ ಚಿಕ್ಕವು. ಆದ್ದರಿಂದ ಕನ್ನಡ ಫಲಕಕ್ಕೆ ಇನ್ನಷ್ಟು ದೊಡ್ಡ ಅಕ್ಷರ, ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಕೆಂಪು ಹಲಗೆಯ ಮೇಲೆ ಹಸಿರು ಬರಹ ಬೇಡ. ಇವೆರಡನ್ನು ಬೇರೆಬೇರೆಯಾಗಿ ಕಾಣದವರೂ ಇದ್ದಾರೆ. ಬಿಳಿಯ ಮೇಲೆ ಕಪ್ಪು ಅಥವಾ ಕಡುನೀಲಿ ಸಾಕು.

ಸ್ಥಳದ ಆಯ್ಕೆಯೂ ಮುಖ್ಯ. ಬಾಗಿಲು, ಮೆಟ್ಟಿಲಿನ ಬುಡ, ಸಾಲುಗಳು ಕವಲೊಡೆಯುವ ಜಾಗ – ಹೀಗೆ ‘ಎತ್ತ ಹೋಗಲಿ?’ ಎಂದು ಕಾಲು ನಿಲ್ಲುವ ಕಡೆಗಳಲ್ಲಿ ಮಾತ್ರ ಫಲಕ ಬೇಕು. ಎಲ್ಲೆಡೆ ಫಲಕಗಳಿದ್ದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಕಟ್ಟಡವೇ ಫಲಕ

ಅಮೆರಿಕದ ಸಿಯಾಟಲ್ ನಗರದಲ್ಲಿ 2004ರಲ್ಲಿ ತೆರೆದ ಕೇಂದ್ರ ಗ್ರಂಥಾಲಯದಲ್ಲಿ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಮತ್ತು ಸಂಗಡಿಗರು ನಾಲ್ಕು ಅಂತಸ್ತುಗಳ ಪುಸ್ತಕಗಳನ್ನು ಒಂದೇ ಸುರುಳಿ ಇಳಿಜಾರಿನಲ್ಲಿ ಜೋಡಿಸಿದರು. ಡ್ಯೂಯಿ ಸಂಖ್ಯೆಗಳು ಎಲ್ಲಿಯೂ ಕಡಿಯದೆ ಸಾಗುತ್ತವೆ. ನೆಲಹಾಸಿನ ಮೇಲೂ ದೊಡ್ಡ ಅಂಕಿಗಳಿವೆ. ಗಾಲಿಕುರ್ಚಿಯವರೂ ಸಾಲಿನುದ್ದಕ್ಕೂ ಸಾಗಬಹುದು. ಆದರೂ ದಾರಿ ತಿಳಿಯದೆ ಓದುಗರು ತಡಕಾಡಿದ್ದರಿಂದ ಅಲ್ಲಿ ಮುಂದೆ ಇನ್ನಷ್ಟು ಫಲಕಗಳನ್ನು ಸೇರಿಸಬೇಕಾಯಿತು. ಎಂತಹ ವಿನ್ಯಾಸವನ್ನಾದರೂ ಬಳಸುವವರ ಕಣ್ಣಿನಿಂದ ಪರೀಕ್ಷಿಸಬೇಕು ಎಂಬುದೇ ಇದರ ಪಾಠ.

ನಮ್ಮ ಚಿಕ್ಕ ಗ್ರಂಥಾಲಯಗಳಿಗೆ ಸುರುಳಿ ಕಟ್ಟಡ ಬೇಡ. ಬಾಗಿಲಲ್ಲಿ ಒಂದು ನಕ್ಷೆ, ಗಾಲಿಕುರ್ಚಿ ಹಿಡಿಸುವಂತೆ ಸಾಲುಗಳ ನಡುವೆ 900 ಮಿ.ಮೀ.ಗೆ ಕಡಿಮೆಯಿಲ್ಲದ ದಾರಿ, ಹೊಸ್ತಿಲಿಗೆ 1:12 ಮೀರದ ಇಳಿಜಾರು, ಕೆಳಗಿನ ಹಲಗೆಗೂ ತಲುಪುವ ಬೆಳಕು – ಇಷ್ಟಾದರೆ ಬಹುಪಾಲು ಕೆಲಸ ಆದಂತೆ. ಗ್ರಂಥಾಲಯ ಬೆಳೆಯುತ್ತಲೇ ಇರುವುದರಿಂದ ಕಪಾಟಿನ ಫಲಕಗಳು ತೆಗೆದು ಹಾಕುವಂತಿರಲಿ. ಗೋಡೆಗೆ ಬಣ್ಣದಲ್ಲಿ ಬರೆದರೆ ಪುಸ್ತಕ ಸರಿದರೂ ಬರಹ ಸರಿಯುವುದಿಲ್ಲ.

ನೀವೇ ಒಂದು ಪ್ರಯೋಗ ಮಾಡಿ ನೋಡಿ. ಗ್ರಂಥಾಲಯಕ್ಕೆ ಎಂದೂ ಬಾರದ ಗೆಳೆಯರೊಬ್ಬರನ್ನು ಕರೆದೊಯ್ದು ಮೂರು ಪುಸ್ತಕಗಳನ್ನು ಹುಡುಕಲು ಹೇಳಿ. ಮಾತನಾಡದೆ ಹಿಂಬಾಲಿಸಿ, ಅವರು ನಿಂತ, ಹಿಂದಿರುಗಿದ ಸ್ಥಳಗಳನ್ನು ಗುರುತು ಹಾಕಿಕೊಳ್ಳಿ. ಫಲಕ ಬೇಕಾದುದು ಅಲ್ಲಿಯೇ. ಆ ಪಟ್ಟಿಯನ್ನು ಗ್ರಂಥಪಾಲಕರಿಗೆ ಕೊಡಿ. ತೆಗೆದುಕೊಂಡ ಪುಸ್ತಕದ ಲೆಕ್ಕ ಅವರ ವಹಿಯಲ್ಲಿರುತ್ತದೆ; ಬರಿಗೈಯಲ್ಲಿ ಹಿಂದಿರುಗಿದವರ ಲೆಕ್ಕ ಯಾವ ವಹಿಯಲ್ಲೂ ಇರುವುದಿಲ್ಲ.