ನಾಣ್ಯವೇ ಬಂಡವಾಳ: ವೆನಿಸ್ ನಗರದ ಡುಕಾಟಿನ ಐದು ಶತಮಾನಗಳು

ಕನ್ನಡದಲ್ಲಿ ‘ನಾಣ್ಯ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಟಂಕಸಾಲೆಯಲ್ಲಿ ಅಚ್ಚಾದ ಹಣ ಎಂಬುದು ಒಂದು. ಪ್ರಾಮಾಣಿಕತೆ, ಮಾತಿಗೆ ತಪ್ಪದ ನಡತೆ ಎಂಬುದು ಮತ್ತೊಂದು. ಪೇಟೆಯಲ್ಲಿ ‘ನಾಣ್ಯಸ್ಥ’ ಎನಿಸಿಕೊಂಡ ವ್ಯಾಪಾರಿಗೆ ಪತ್ರವಿಲ್ಲದೆಯೇ ಉದರಿ ದೊರೆಯುತ್ತಿದ್ದ ಕಾಲವನ್ನು ನಮ್ಮ ಹಿರಿಯ ಸದಸ್ಯರು ಕಂಡಿದ್ದಾರೆ. ಈ ಎರಡೂ ಅರ್ಥಗಳು ಒಂದೇ ವಸ್ತುವಿನಲ್ಲಿ ಕೂಡಿಕೊಂಡ ನಿದರ್ಶನ ಜಗತ್ತಿನ ವಾಣಿಜ್ಯ ಇತಿಹಾಸದಲ್ಲಿ ಅಪರೂಪ. ಇಟಲಿಯ ವೆನಿಸ್ ಗಣರಾಜ್ಯವು 1284ರಿಂದ 1797ರವರೆಗೆ ಹೊರಡಿಸಿದ ‘ಡುಕಾಟ್’ ಎಂಬ ಚಿನ್ನದ ನಾಣ್ಯ ಅಂತಹ ಒಂದು ನಿದರ್ಶನ. 513 ವರ್ಷಗಳ ಕಾಲ ಅದರ ತೂಕವಾಗಲಿ, ಚಿನ್ನದ ಮಟ್ಟವಾಗಲಿ, ಮುದ್ರೆಯ ಚಿತ್ರವಾಗಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ಆ ಸ್ಥಿರತೆಯಿಂದ ವೆನಿಸ್ ಪಡೆದದ್ದೇನು, ಅದು ಕಾಪಾಡಲಾಗದೆ ಹೋದದ್ದೇನು ಎಂಬುದನ್ನು ಇಂದಿನ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಅರಿತುಕೊಳ್ಳುವುದು ಉಪಯುಕ್ತ.

ಹುಟ್ಟಿನ ಹಿನ್ನೆಲೆ

ವೆನಿಸ್ ಸಮುದ್ರದ ನಡುವಿನ ನಗರ. ಹೊಲವಿಲ್ಲ, ಗಣಿಯಿಲ್ಲ, ವ್ಯಾಪಾರವೊಂದೇ ಜೀವನಾಧಾರ. ಹದಿಮೂರನೆಯ ಶತಮಾನದಲ್ಲಿ ಅದರ ವರ್ತಕರು ದೊಡ್ಡ ವ್ಯವಹಾರಗಳಿಗೆ ತಮ್ಮದೇ ಬೆಳ್ಳಿಯ ‘ಗ್ರೋಸ್ಸೊ’ವನ್ನೂ ಬೈಜಾಂಟಿಯಂ ಸಾಮ್ರಾಜ್ಯದ ಚಿನ್ನದ ನಾಣ್ಯವನ್ನೂ ಬಳಸುತ್ತಿದ್ದರು. ಆದರೆ ಬೈಜಾಂಟಿಯಂ ದೊರೆಗಳು ಯುದ್ಧದ ವೆಚ್ಚಕ್ಕಾಗಿ ನಾಣ್ಯಕ್ಕೆ ಬೆರಕೆ ಹಾಕತೊಡಗಿದರು. ಒಂದು ಕಾಲಕ್ಕೆ 20 ಕ್ಯಾರೆಟ್ಟಿಗೂ ಮಿಗಿಲಾಗಿದ್ದ ಅದರ ಮಟ್ಟ, ಎಂಟನೆಯ ಮೈಕೇಲನ ಆಳ್ವಿಕೆಯಲ್ಲಿ (1261–1282) ಸುಮಾರು 15 ಕ್ಯಾರೆಟ್ಟಿಗೆ ಇಳಿಯಿತು. ಕೈಗೆ ಬಂದ ಹಣದಲ್ಲಿ ಚಿನ್ನವೆಷ್ಟು, ಬೆರಕೆಯೆಷ್ಟು ಎಂಬ ಶಂಕೆ ಪ್ರತಿ ವ್ಯವಹಾರಕ್ಕೂ ಅಂಟಿಕೊಂಡಿತು. ಅಷ್ಟರಲ್ಲಿ ನೆರೆಯ ಫ್ಲಾರೆನ್ಸ್ ಮತ್ತು ಜಿನೋವಾ ನಗರಗಳು 1252ರಲ್ಲಿಯೇ ಸ್ವಂತ ಚಿನ್ನದ ನಾಣ್ಯಗಳನ್ನು ಹೊರಡಿಸಿದ್ದವು. ಫ್ಲಾರೆನ್ಸಿನ ‘ಫ್ಲೊರಿನ್’ ಆಗಲೇ ಯೂರೋಪಿನ ಪೇಟೆಗಳಲ್ಲಿ ಹೆಸರು ಮಾಡಿತ್ತು.

ವೆನಿಸ್ 32 ವರ್ಷ ತಡವಾಗಿ ಕಣಕ್ಕಿಳಿಯಿತು. ಜೊವಾನ್ನಿ ಡಾಂಡೊಲೊ ‘ಡೋಜ್’, ಅಂದರೆ ಗಣರಾಜ್ಯದ ಮುಖ್ಯಸ್ಥನಾಗಿದ್ದಾಗ, 1284ರ ಅಕ್ಟೋಬರ್ 31ರಂದು ಅಲ್ಲಿನ ಮಹಾಸಭೆ ಹೊಸ ಚಿನ್ನದ ನಾಣ್ಯದ ತಯಾರಿಕೆಗೆ ಅನುಮತಿ ನೀಡಿತು. ನಿಯಮ ಸರಳವಾಗಿತ್ತು. ಒಂದು ‘ಮಾರ್ಕ್’ ತೂಕದ ಚಿನ್ನದಿಂದ 67 ನಾಣ್ಯಗಳನ್ನು ಮಾತ್ರ ಮಾಡಬೇಕು. ಚಿನ್ನ ಫ್ಲೊರಿನ್ನಿನಷ್ಟೇ ಅಥವಾ ಅದಕ್ಕಿಂತ ಮೇಲಿನ ಮಟ್ಟದ್ದಾಗಿರಬೇಕು. ಹೀಗೆ ಒಂದೊಂದು ನಾಣ್ಯವೂ ಸುಮಾರು ಮೂರೂವರೆ ಗ್ರಾಂ ತೂಗುತ್ತಿತ್ತು. ಶುದ್ಧತೆ ನೂರಕ್ಕೆ 99ನ್ನು ಮೀರಿತ್ತು; ಆ ಕಾಲದ ಕುಶಲತೆಗೆ ಎಟುಕಬಹುದಾದ ಅಪರಂಜಿ ಅದೇ. ಒಂದು ಮುಖದಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿ ಧ್ವಜದ ಕೋಲನ್ನು ಹಿಡಿದ ಡೋಜ್, ಇನ್ನೊಂದು ಮುಖದಲ್ಲಿ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತ. ಸುತ್ತಲಿನ ಲ್ಯಾಟಿನ್ ಬರಹದ ಕೊನೆಯ ಪದ ‘ಡುಕಾಟುಸ್’, ಅಂದರೆ ಡೋಜನ ಆಡಳಿತಕ್ಕೆ ಸೇರಿದ ನಾಡು. ಆ ಪದವೇ ನಾಣ್ಯದ ಹೆಸರಾಗಿ ನಿಂತಿತು.

ಟಂಕಸಾಲೆಯ ಶಿಸ್ತು

ವರ್ತಕರು ತಮ್ಮ ಚಿನ್ನವನ್ನು ತಾವೇ ಟಂಕಸಾಲೆಗೆ ಒಯ್ಯಬಹುದಾಗಿತ್ತು. ಹಂಗೆರಿಯ ಗಣಿಗಳ ಚಿನ್ನವನ್ನು ಜರ್ಮನ್ ವರ್ತಕರು ತರುತ್ತಿದ್ದರು. ಆಫ್ರಿಕದ ಚಿನ್ನ ಅಲ್ಲಿನ ಉತ್ತರ ತೀರದ ಬಂದರುಗಳ ಮೂಲಕ ಬರುತ್ತಿತ್ತು. ಬಂದ ಚಿನ್ನವನ್ನು ಶುದ್ಧೀಕರಿಸಿ, ಪರೀಕ್ಷಿಸಿ, ತೂಗಿ, ಮುದ್ರೆಯೊತ್ತಿ, ತಯಾರಿಕೆಯ ಶುಲ್ಕವನ್ನು ಕಳೆದುಕೊಂಡು ಡುಕಾಟುಗಳನ್ನು ಹಿಂದಿರುಗಿಸುವುದು ಟಂಕಸಾಲೆಯ ಕೆಲಸ. ತೂಕ ಮಟ್ಟಗಳ ಮೇಲೆ ಸರ್ಕಾರ ನೇಮಿಸಿದ ಅಧಿಕಾರಿಗಳ ಕಾವಲು ಸದಾ ಇರುತ್ತಿತ್ತು. ಚಿನ್ನ ತಂದವನೇ ತನ್ನ ಚಿನ್ನದ ಮಟ್ಟವನ್ನು ಸಾರುವಂತಿರಲಿಲ್ಲ. ಒರೆ ಹಚ್ಚುವ ಕೈಗೂ ಲಾಭ ಎಣಿಸುವ ಕೈಗೂ ನಡುವೆ ಅಂತರವಿತ್ತು.

ಚಿತ್ರ ಬದಲಿಸದಿರುವುದೂ ವಿಚಾರಪೂರ್ವಕವಾದ ನೀತಿಯೇ. ಡೋಜರು ಬದಲಾದಂತೆ ಹೆಸರು ಮಾತ್ರ ಬದಲಾಗುತ್ತಿತ್ತು. ಇಟಲಿಯ ಶಿಲ್ಪಿಗಳು ಚಿತ್ರಕಲೆಯಲ್ಲಿ ಕ್ರಾಂತಿಯನ್ನೇ ಮಾಡಿದ ಕಾಲದಲ್ಲಿಯೂ ಡುಕಾಟಿನ ಮೇಲೆ ಅದೇ ಹಳೆಯ, ಒರಟು ಶೈಲಿಯ ಬಿಂಬಗಳು ಮುಂದುವರಿದವು. ಕೈರೋ ನಗರದ ಚಿನಿವಾರನಾಗಲಿ ಮಲಬಾರಿನ ಮೆಣಸಿನ ವ್ಯಾಪಾರಿಯಾಗಲಿ ಲ್ಯಾಟಿನ್ ಅಕ್ಷರಗಳನ್ನು ಓದುವವರಲ್ಲ. ಅವರು ನಾಣ್ಯವನ್ನು ಗುರುತಿಸುತ್ತಿದ್ದುದು ಬಿಂಬದಿಂದ. ಇಂದು ನಾವು ವ್ಯಾಪಾರಮುದ್ರೆ ಎಂದು ಕರೆಯುವುದರ ಬೆಲೆಯನ್ನು ವೆನಿಸ್ ಏಳು ಶತಮಾನಗಳ ಹಿಂದೆಯೇ ಬಲ್ಲದಾಗಿತ್ತು.

ಕರಿಮೆಣಸಿನ ದಾರಿಯಲ್ಲಿ

ಯೂರೋಪಿಗೆ ಪೂರ್ವದ ಸರಕು ಬೇಕಿತ್ತು. ಪೂರ್ವಕ್ಕೆ ಯೂರೋಪಿನ ಸರಕು ಅಷ್ಟಾಗಿ ಬೇಕಿರಲಿಲ್ಲ. ವೆನಿಸ್ ಸರ್ಕಾರದ ಒಡೆತನದ ಹಡಗುಗಳನ್ನು ಪ್ರತಿ ಯಾನಕ್ಕೂ ಹರಾಜು ಹಾಕಲಾಗುತ್ತಿತ್ತು. ಸವಾಲು ಹಿಡಿದವರು ಉಣ್ಣೆಯ ಬಟ್ಟೆ, ತಾಮ್ರ ಮುಂತಾದವನ್ನು ಅಲೆಕ್ಸಾಂಡ್ರಿಯಾ ಮತ್ತು ಬೈರೂತ್ ಬಂದರುಗಳಿಗೆ ಒಯ್ದು, ಮೆಣಸು, ಶುಂಠಿ ಮೊದಲಾದ ಸಾಂಬಾರ ಪದಾರ್ಥಗಳನ್ನು ತರುತ್ತಿದ್ದರು. ಸರಕಿಗೆ ಸರಕು ಸರಿತೂಗದೆ ಉಳಿದ ಬಾಕಿಯನ್ನು ಬೆಳ್ಳಿ ಚಿನ್ನದಿಂದ ತೀರಿಸಬೇಕಾಗಿತ್ತು. 1423ರಲ್ಲಿ ಮರಣಶಯ್ಯೆಯಲ್ಲಿದ್ದ ಡೋಜ್ ತೊಮಾಸೊ ಮೊಚೆನಿಗೊ ಆಡಿದ್ದೆಂದು ದಾಖಲಾಗಿರುವ ಭಾಷಣದ ಪ್ರಕಾರ, ಟಂಕಸಾಲೆಯಿಂದ ವರ್ಷಕ್ಕೆ 10 ಲಕ್ಷ ಚಿನ್ನದ ಡುಕಾಟುಗಳು ಹೊರಬರುತ್ತಿದ್ದವು.

ಡುಕಾಟಿನ ಹೆಗ್ಗಳಿಕೆಯನ್ನು ಅದರ ಪ್ರತಿಸ್ಪರ್ಧಿಗಳೇ ಒಪ್ಪಿಕೊಂಡರು. ಈಜಿಪ್ಟಿನ ಸುಲ್ತಾನ ಬರ್ಸ್‌ಬಾಯ್ 1425ರಲ್ಲಿ ತನ್ನ ‘ಅಶ್ರಫಿ’ಯನ್ನು ಡುಕಾಟಿನ ತೂಕಕ್ಕೆ ಹೊಂದಿಸಿ ಹೊರಡಿಸಿದ. 1457ರಲ್ಲಿ ಪೋರ್ಚುಗಲ್ಲಿನ ‘ಕ್ರುಜಾಡೊ’, ಅನಂತರ ತುರ್ಕರ ‘ಸುಲ್ತಾನಿ’ ಕೂಡ ಅದೇ ಅಳತೆಯನ್ನು ಅನುಸರಿಸಿದವು. ಚಿನ್ನದ ಮಟ್ಟ ಕಡಿಮೆಯಿಟ್ಟು ಚಿತ್ರವನ್ನು ಮಾತ್ರ ನಕಲು ಮಾಡಿದವರೂ ಇದ್ದರು.

ಅರಬ್ಬಿ ಸಮುದ್ರವನ್ನು ದಾಟಿ ಬಂದ ಡುಕಾಟುಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಲಾವಣೆಯಾದವು. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ, ಡುಕಾಟಿನ ತೂಕಕ್ಕೆ ತೀರ ಹತ್ತಿರ. ಮಟ್ಟದಲ್ಲಿ ಮಾತ್ರ ಡುಕಾಟ್ ಮೇಲು. ಆದ್ದರಿಂದ ಎರಡರ ನಡುವಣ ವಟ್ಟವನ್ನು ಲೆಕ್ಕ ಹಾಕುವುದು ಇಲ್ಲಿನ ಚಿನಿವಾರರಿಗೆ ಕಷ್ಟವಾಗಿರಲಾರದು. ವೆನಿಸ್ ವರ್ತಕರೂ ನಮ್ಮ ನಾಡಿಗೆ ಬಂದವರೇ. ನಿಕೊಲೊ ಕೊಂತಿ ಹದಿನೈದನೆಯ ಶತಮಾನದ ಆರಂಭದಲ್ಲಿ ವಿಜಯನಗರವನ್ನು ಕಂಡ. ಚೆಜಾರೆ ಫೆದೆರಿಚಿ ಎಂಬ ವರ್ತಕ 1567ರಲ್ಲಿ, ಅಂದರೆ ರಕ್ಕಸತಂಗಡಿ ಕಾಳಗದ ಎರಡು ವರ್ಷಗಳ ಬಳಿಕ, ಆ ನಗರದಲ್ಲಿ ಏಳು ತಿಂಗಳು ತಂಗಿದ್ದುದಾಗಿ ಬರೆದಿದ್ದಾನೆ.

ಇಲ್ಲಿನ ಜನ ಡುಕಾಟಿಗೆ ತಮ್ಮದೇ ಅರ್ಥ ಕೊಟ್ಟರು. ಅದರ ಮೇಲಿನ ಮಾನವಾಕೃತಿಗಳನ್ನು ಕಂಡು ಅದನ್ನು ‘ಪುತಳಿ’ ಎಂದು ಕರೆದರು. ಮಹಾರಾಷ್ಟ್ರದಲ್ಲಿಯೂ ನಮ್ಮ ಗಡಿಭಾಗದ ಜಿಲ್ಲೆಗಳಲ್ಲಿಯೂ ಪ್ರಸಿದ್ಧವಾದ ಪುತಳಿ ಸರದ ಮೂಲ ಇದೇ. ತೆಂಕಣದ ತೆಂಗಿನ ನಾಡಿನಲ್ಲಿ ಡೋಜನ ಕೈಯ ಧ್ವಜದ ಕೋಲು ಮರದಂತೆ ಕಂಡು, ಮರವೇರುವ ಶಾನಾರನ ಚಿತ್ರವೆಂದು ಭಾವಿಸಿ ‘ಶಾನಾರ್ ಕಾಸು’ ಎಂದರು. ಬೇಡಿಕೆ ಹೆಚ್ಚಿದಂತೆ ನಮ್ಮ ಅಕ್ಕಸಾಲಿಗರೂ ಅದರ ಪ್ರತಿರೂಪಗಳನ್ನು ತಯಾರಿಸಿದರು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಿಯ ಗೆರೆಗಳಾಗಿ ಉಳಿದಿವೆ.

ಒಂದು ಹೆಸರು, ಮೂರು ಬೆಲೆ

ಚಿನ್ನದ ನಾಣ್ಯ ಶುದ್ಧವಾಗಿ ಉಳಿದರೂ ವೆನಿಸ್ ನಗರದ ನಿತ್ಯ ಬಳಕೆಯ ಚಿಲ್ಲರೆ ಹಣದಲ್ಲಿ ಬೆಳ್ಳಿಯ ಅಂಶ ಶತಮಾನದಿಂದ ಶತಮಾನಕ್ಕೆ ಕುಗ್ಗುತ್ತ ಹೋಯಿತು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಡುಕಾಟಿಗೆ 6 ಲೀರಾ 4 ಸೋಲ್ದಿ ಇದ್ದ ಬೆಲೆ, ಗಣರಾಜ್ಯದ ಕೊನೆಗಾಲಕ್ಕೆ 22 ಲೀರಾ ಆಗಿತ್ತು. ಚಿನ್ನದಲ್ಲಿ ಸಾಲ ಕೊಟ್ಟವನು ಸುಖಿ; ಚಿಲ್ಲರೆಯಲ್ಲಿ ಕೂಲಿ ಪಡೆದವನು ಬಡವ. ಪರದೇಶದ ಗ್ರಾಹಕನಿಗೆ ಸಂದ ನಾಣ್ಯ ಮನೆಯ ಕೂಲಿಕಾರನಿಗೆ ಸಲ್ಲಲಿಲ್ಲ ಎಂಬುದನ್ನು ಈ ಚರಿತ್ರೆಯನ್ನು ಹೊಗಳುವಾಗ ಮರೆಯಬಾರದು.

ಇದರಿಂದ ವ್ಯವಹಾರದಲ್ಲಿಯೂ ತೊಡಕು ಹುಟ್ಟಿತು. ಲೆಕ್ಕದ ಪುಸ್ತಕಗಳಲ್ಲಿ ‘ಡುಕಾಟ್’ ಎಂದರೆ ಹಳೆಯ ರೂಢಿಯಂತೆ 6 ಲೀರಾ 4 ಸೋಲ್ದಿ ಎಂದೇ ಉಳಿಯಿತು. ಚಿನ್ನದ ನಾಣ್ಯದ ಬೆಲೆ ಮಾತ್ರ ಏರುತ್ತಿತ್ತು. ಸಾಲದೆಂಬಂತೆ 1562ರಲ್ಲಿ ಬೆಳ್ಳಿಯ ಡುಕಾಟೂ ಬಂದಿತು. ಕರಾರುಪತ್ರದಲ್ಲಿ ಬರಿದೆ ‘ನೂರು ಡುಕಾಟ್’ ಎಂದಿದ್ದರೆ ಯಾವ ಡುಕಾಟ್ ಎಂಬ ಪ್ರಶ್ನೆ ಏಳುತ್ತಿತ್ತು. ಆದ್ದರಿಂದ ಚಿನ್ನದ ನಾಣ್ಯಕ್ಕೆ ‘ಜೆಕ್ಕಿನೊ’ ಎಂಬ ಬೇರೆ ಹೆಸರು ರೂಢಿಗೆ ಬಂದಿತು. ಟಂಕಸಾಲೆಗೆ ಅಲ್ಲಿ ‘ಜೆಕ್ಕಾ’ ಎನ್ನುತ್ತಾರೆ. ಅದರ ಮೂಲ ಅರಬ್ಬಿಯ ‘ಸಿಕ್ಕಾ’, ನಮ್ಮಲ್ಲಿಯೂ ಪರಿಚಿತವಾದ ಪದ. ಬೆಲೆಯನ್ನು ಯಾವ ಹಣದಲ್ಲಿ, ಯಾವ ದಿನದ ದರದಲ್ಲಿ ತೀರಿಸಬೇಕೆಂಬುದನ್ನು ಕರಾರಿನಲ್ಲಿ ಸ್ಪಷ್ಟಪಡಿಸದ ನಮ್ಮ ರಫ್ತುದಾರರಿಗೆ ಈ ಪ್ರಸಂಗ ಹೊಸದೆನಿಸಲಾರದು.

ನಾಣ್ಯ ಉಳಿಯಿತು, ವ್ಯಾಪಾರ ಸವೆಯಿತು

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದುದರಿಂದಲೇ ವೆನಿಸ್ ಮುಳುಗಿತೆಂಬ ಮಾತು ಪ್ರಚಲಿತವಾಗಿದೆ. ಅದು ಪೂರ್ಣ ಸತ್ಯವಲ್ಲ. ಹದಿನಾರನೆಯ ಶತಮಾನದ ನಡುವಿನ ವೇಳೆಗೆ ಕೆಂಪು ಸಮುದ್ರದ ಹಳೆಯ ದಾರಿಯಲ್ಲಿ ಮೆಣಸು ಮತ್ತೆ ಹರಿಯತೊಡಗಿತ್ತು. ನಿಜವಾದ ಪೆಟ್ಟು ಬಿದ್ದುದು ಹದಿನೇಳನೆಯ ಶತಮಾನದಲ್ಲಿ, ಡಚ್ಚರೂ ಇಂಗ್ಲಿಷರೂ ಏಷ್ಯದ ವ್ಯಾಪಾರವನ್ನು ಕೈವಶ ಮಾಡಿಕೊಂಡಾಗ.

ಅದೇ ಕಾಲದಲ್ಲಿ ವೆನಿಸ್ ನಗರದ ಉಣ್ಣೆ ಉದ್ಯಮಕ್ಕೆ ಒದಗಿದ ಗತಿ ತಯಾರಕರಿಗೆ ಇನ್ನೂ ಹೆಚ್ಚಿನ ಪಾಠ. 1602ರಲ್ಲಿ ಅಲ್ಲಿ 28,000ಕ್ಕೂ ಮಿಕ್ಕಿ ಥಾನುಗಳು ತಯಾರಾಗಿದ್ದವು. 1700ರ ವೇಳೆಗೆ ಅದು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿತ್ತು. ವೃತ್ತಿಸಂಘಗಳು ಭಾರವಾದ, ಬೆಲೆಬಾಳುವ ಬಟ್ಟೆಯ ಹಳೆಯ ನಿಯಮಗಳನ್ನು ಬಿಡಲಿಲ್ಲ. ತುರ್ಕಿಯ ಪೇಟೆಗಳಲ್ಲಿ ಗ್ರಾಹಕರು ಇಂಗ್ಲೆಂಡ್ ಮತ್ತು ಹಾಲೆಂಡುಗಳ ಹಗುರವಾದ, ಅಗ್ಗದ ಬಟ್ಟೆಯತ್ತ ತಿರುಗಿದರು. ಚಿನ್ನದಲ್ಲಿ ಗ್ರಾಹಕನು ಬಯಸಿದ್ದು ಬದಲಾಗದ ಮಟ್ಟವನ್ನು. ಬಟ್ಟೆಯಲ್ಲಿ ಅವನ ಅಭಿರುಚಿಯೂ ಕೊಳ್ಳುವ ಶಕ್ತಿಯೂ ಬದಲಾಗಿದ್ದವು. ಈ ಭೇದವನ್ನು ವೆನಿಸ್ ತಿಳಿಯದೆ ಹೋಯಿತು.

1797ರ ಮೇ 12ರಂದು ನೆಪೋಲಿಯನ್ನನ ಸೇನೆಗೆ ಅಂಜಿ ಮಹಾಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕೊನೆಯ ಡೋಜ್ ಲುದೊವಿಕೊ ಮಾನಿನ್ನನ ಹೆಸರು ಹೊತ್ತ ನಾಣ್ಯಗಳಲ್ಲಿಯೂ ಮಂಡಿಯೂರಿದ ಅದೇ ಡೋಜ್, ಅದೇ ಮಟ್ಟದ ಚಿನ್ನ. ಫ್ಲಾರೆನ್ಸಿನ ಫ್ಲೊರಿನ್ ಅಷ್ಟು ಹೊತ್ತಿಗೆ ನಿಂತು ಎರಡೂವರೆ ಶತಮಾನಗಳಾಗಿದ್ದವು.

ಡುಕಾಟಿನ ಹೆಸರು ಅಲ್ಲಿಗೆ ಮುಗಿಯಲಿಲ್ಲ. ಡಚ್ಚರು 1586ರಿಂದ ಹೊರಡಿಸಿದ ಡುಕಾಟ್ ಉತ್ತರ ಯೂರೋಪಿನ ಧಾನ್ಯ, ಮರಮಟ್ಟುಗಳ ವ್ಯಾಪಾರದಲ್ಲಿ ಎಷ್ಟು ನೆಚ್ಚಿನದಾಯಿತೆಂದರೆ, ರಷ್ಯದ ಸರ್ಕಾರವೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗುಟ್ಟಾಗಿ ಅದರ ನಕಲನ್ನು 1868ರವರೆಗೂ ಅಚ್ಚು ಹಾಕಿಸಿತು. ಆಸ್ಟ್ರಿಯದ ಟಂಕಸಾಲೆ 1915ನೆಯ ಇಸವಿಯನ್ನು ಹೊತ್ತ ಡುಕಾಟನ್ನು ಹೂಡಿಕೆದಾರರಿಗಾಗಿ ಇಂದಿಗೂ ತಯಾರಿಸುತ್ತದೆ.

ನಮಗೇನು ಪಾಠ?

ನಮ್ಮ ಚಿನ್ನಾಭರಣ ವರ್ತಕರು ಈ ಕಥೆಯನ್ನು ತಮ್ಮ ಅನುಭವದೊಡನೆ ಹೋಲಿಸಬಹುದು. ಭಾರತೀಯ ಮಾನಕ ಸಂಸ್ಥೆ 2000ದಲ್ಲಿ ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ ಯೋಜನೆಯನ್ನು ಆರಂಭಿಸಿದಾಗ ಅದು ಐಚ್ಛಿಕವಾಗಿತ್ತು. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ಬೇಕಾಯಿತು. ಪರೀಕ್ಷೆಯ ಶುಲ್ಕ, ಕಾಯುವ ಕಾಲ, ದಾಸ್ತಾನಿನ ತೊಂದರೆ ಸಣ್ಣ ಅಂಗಡಿಗಳಿಗೆ ಹೊರೆಯೇ ಸರಿ. ಆದರೆ ಮಾರುವವನಲ್ಲದ ಮೂರನೆಯವನು ಮಟ್ಟವನ್ನು ಸಾರಿದಾಗ, ಗುರುತು ಪರಿಚಯವಿಲ್ಲದ ಗ್ರಾಹಕನೂ ನಂಬಿ ಕೊಳ್ಳುತ್ತಾನೆ ಎಂಬುದಕ್ಕೆ ವೆನಿಸ್ ಟಂಕಸಾಲೆಯ ಐದು ಶತಮಾನಗಳು ಸಾಕ್ಷಿ.

ಈ ಮಾತು ಚಿನ್ನಕ್ಕೆ ಮಾತ್ರ ಸೀಮಿತವಲ್ಲ. ಊದುಬತ್ತಿಯಾಗಲಿ, ಪಂಪ್‌ಸೆಟ್ ಆಗಲಿ, ಖಾರದ ಪುಡಿಯಾಗಲಿ, ನಾವು ತಯಾರಿಸುವ ಪ್ರತಿಯೊಂದು ಸರಕಿನಲ್ಲಿಯೂ ಗ್ರಾಹಕನು ಕಣ್ಣು ಮುಚ್ಚಿ ನಂಬುವ ಒಂದಂಶವಿರುತ್ತದೆ. ಕಾಲಕ್ಕೆ ತಕ್ಕಂತೆ ಬದಲಾಗಲೆಂದು ಅವನು ಬಯಸುವ ಅಂಶಗಳೂ ಇರುತ್ತವೆ. ಕಚ್ಚಾ ಸಾಮಗ್ರಿಯ ಬೆಲೆ ಏರಿದ ವರ್ಷ, ಎಲ್ಲಿ ಕೈ ಹಿಡಿಯುವುದು, ಎಲ್ಲಿ ಕೈ ಇಡಬಾರದು ಎಂದು ಲೆಕ್ಕ ಹಾಕುವ ಮುನ್ನ ಈ ಎರಡನ್ನೂ ಬೇರೆ ಬೇರೆಯಾಗಿ ಪಟ್ಟಿ ಮಾಡಿಕೊಳ್ಳುವುದು ಒಳಿತು. ಮೊದಲನೆಯ ಪಟ್ಟಿಯಲ್ಲಿರುವುದನ್ನು ಮುಟ್ಟಿದರೆ ನಾಣ್ಯ ಕೆಡುತ್ತದೆ. ಎರಡನೆಯ ಪಟ್ಟಿಯಲ್ಲಿರುವುದನ್ನು ಮುಟ್ಟದೆ ಕುಳಿತರೆ ವ್ಯಾಪಾರ ಕೆಡುತ್ತದೆ.